ಮಗಳಿಗೊಂದು ಪತ್ರ: ನೀನು ಹೋದ ಮೇಲೆ ತೋಟದಲ್ಲಿ

ಹೆಸರಘಟ್ಟ
ಜೂನ್ 8

ಪ್ರೀತಿಯ ಪುಟ್ಟಿ,

ಬಸ್ಸು ಹತ್ತುವಾಗ ನೀನೊಂದು ಪ್ರಶ್ನೆ ಕೇಳಿದ್ದೆ. "ನಾನು ಹೋದಮೇಲೆ ಇಲ್ಲಿ ಏನೇನಾಯ್ತು ಅಂತ ನನಗೆ ಹೇಗೆ ಗೊತ್ತಾಗುತ್ತೆ ಅಪ್ಪಾ?" ದಿನಾ ಫೋನ್ ಮಾಡ್ತೀನಿ ಅಂದೆ. ಮಾಡಿದೆ ಕೂಡ. ಆದರೆ ಫೋನಿನಲ್ಲಿ ನೀನು ಊಟ ಆಯ್ತಾ ಅಂತ ಕೇಳುತ್ತೀಯ, ನಾನು ಹೋಂವರ್ಕ್ ಆಯ್ತಾ ಅಂತ ಕೇಳುತ್ತೇನೆ, ಅಷ್ಟರಲ್ಲಿ ಮಾತು ಮುಗಿದಿರುತ್ತದೆ. ಹೇಳಬೇಕಾದ್ದು ಜಾಸ್ತಿ ಇದೆ. ಅದರಲ್ಲಿ ಒಂದು ವಿಷಯವನ್ನಂತೂ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನ ಹತ್ತಿರ ಓದಿಸಿಕೊಳ್ಳಬೇಡ, ನೀನೇ ಓದು. ನಾಲ್ಕನೇ ಕ್ಲಾಸಿಗೆ ಬಂದಿದ್ದೀಯ. ನಿಧಾನವಾದರೂ ಪರವಾಗಿಲ್ಲ.

ಮೊದಲು ಗೌರಿ ಸಮಾಚಾರ. ಚೆನ್ನಾಗಿದ್ದಾಳೆ. ಬೆಳಿಗ್ಗೆ ಹಾಲು ಕರೆದು ನಾನು ಡೇರಿಗೆ ಹೊರಟರೆ ಗೇಟಿನ ಕಡೆ ತಿರುಗಿ ಅಂಬಾ ಅಂತಾಳೆ. ಸಣ್ಣ ಕ್ಯಾನು ಹಿಡಿದು ಮುಂದೆ ಓಡುವವಳು ಎಲ್ಲಿ ಅಂತ ಕೇಳಿದ ಹಾಗಿರುತ್ತದೆ. ಡೇರಿಯಲ್ಲಿ ಹಾಲು ಅಳೆಯುವ ಅಕ್ಕನೂ ಎರಡು ಸಲ ಕೇಳಿದರು, "ಫ್ಯಾಟ್ ಓದೋ ಹುಡುಗಿ ಊರಿಗೆ ಹೋದಳಾ?" ಅಂತ. ಮಿಷನ್ ಮೇಲೆ 3.8 ಬಂದ ದಿನ ನೀನು ಮನೆ ಸೇರುವವರೆಗೂ ಅದನ್ನೇ ಹಾಡಿನ ಥರ ಹೇಳಿಕೊಂಡು ಬಂದಿದ್ದೆ. ಈಗ ಮಳೆ ಬಿದ್ದು ಬದುವಿನಲ್ಲಿ ಹಸಿ ಹುಲ್ಲು ಎದ್ದಿದೆ. ಹಸಿ ಹುಲ್ಲು ಜಾಸ್ತಿ ತಿಂದರೆ ಹಾಲು ಏರುತ್ತದೆ, ಫ್ಯಾಟ್ ಸ್ವಲ್ಪ ಇಳಿಯುತ್ತದೆ. ಇವತ್ತು 3.5.

ಅಜ್ಜಿ ಕಾವಿಗೆ ಕೂರಿಸಿದ್ದ ಕೋಳಿಯ ಮರಿಗಳು ಈಗ ಅಮ್ಮನ ಹಿಂದೆ ತಿಪ್ಪೆ ಕೆದಕುತ್ತಿವೆ. ನೆನಪಿದೆಯಾ, ಮಂಕರಿಗೆ ರಾಗಿ ಹುಲ್ಲು ಹಾಸಿ, ಹನ್ನೊಂದು ಮೊಟ್ಟೆ ಇಟ್ಟು, ಗುಡುಗಿಗೆ ಕೆಡದಿರಲಿ ಅಂತ ಅಜ್ಜಿ ಒಂದು ಕಬ್ಬಿಣದ ಮೊಳೆಯನ್ನೂ ಪಕ್ಕದಲ್ಲಿ ಇಟ್ಟಿದ್ದರು. ನೀನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದೆ. ಸರಿಯಾಗಿ ಇಪ್ಪತ್ತೊಂದನೇ ಗೀಟಿಗೆ ಚಿಪ್ಪು ಒಡೆಯಿತು. ಆ ಗೀಟುಗಳನ್ನು ಅಜ್ಜಿ ಹಾಗೇ ಇಟ್ಟಿದ್ದಾರೆ. ಕ್ಯಾಲೆಂಡರ್ ತಿಂಗಳು ತಿರುಗಿಸಲೂ ಬಿಡುತ್ತಿಲ್ಲ.

ಬಾದಾಮಿ ಮಾವಿನ ಹಣ್ಣು ಮುಗಿಯಿತು. ಅಟ್ಟದ ಮೇಲೆ ಹುಲ್ಲಿನಲ್ಲಿ ಅಡೆ ಹಾಕಿದ್ದೆವಲ್ಲ, ಅದರಲ್ಲಿ ಕೊನೆಯ ಎಂಟು ಹಣ್ಣು ಅಮ್ಮನ ಆಫೀಸಿನವರು ಇಲ್ಲಿಗೆ ಬಂದಾಗ ಕಳಿಸಿದ್ದೆ, ಸಿಕ್ಕಿರಬೇಕು. ಒಂದು ಹಣ್ಣಾದರೆ ಉಳಿದವೂ ಬೇಗ ಯಾಕೆ ಹಣ್ಣಾಗುತ್ತವೆ ಅಂತ ನೀನು ಕೇಳಿದ್ದೆ, ಅವತ್ತು ನಾನು ಮೋಟರ್ ಹಾಕಲು ಓಡಿಬಿಟ್ಟೆ. ಉತ್ತರ ಇದು: ಹಣ್ಣಾಗುವ ಕಾಯಿಯಿಂದ ಎಥಿಲೀನ್ ಅನ್ನುವ ಗಾಳಿ ಹೊರಗೆ ಬರುತ್ತದೆ. ಹುಲ್ಲು ಮುಚ್ಚಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಪಕ್ಕದ ಕಾಯಿಗೂ ತಾಗಿ ಅದನ್ನೂ ಹಣ್ಣು ಮಾಡುತ್ತದೆ. ಅದಕ್ಕೇ ನೀನು ದಿನಕ್ಕೆ ನಾಲ್ಕು ಸಲ ಹುಲ್ಲು ಸರಿಸಿ ನೋಡಿದರೆ ಅಜ್ಜಿ ಬೈಯುತ್ತಿದ್ದದ್ದು.

ತೊಟ್ಟಿ ಖಾಲಿ ಇದೆ. ನೀನೂ ಅಣ್ಣನೂ ಹೋದಮೇಲೆ ಅದರಲ್ಲಿ ಬಿದ್ದು ಒದ್ದಾಡುವವರು ಯಾರೂ ಇಲ್ಲ. ತ್ರೀ ಫೇಸ್ ಕರೆಂಟ್ ಬಂತು ಅಂತ ಗೊತ್ತಾದ ಕೂಡಲೇ ನೀವಿಬ್ಬರೂ ಉಂಡ ತಟ್ಟೆ ಬಿಟ್ಟು ಓಡುತ್ತಿದ್ದಿರಿ. ಬೋರಿನ ಪೈಪಿನಿಂದ ಮೊದಲು ಬರೀ ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಣ್ಣನೆ ನೀರು ದಬದಬ ಅಂತ. ನೀನು ಪೈಪಿನ ಬಾಯಿಗೆ ಬೆನ್ನು ಕೊಟ್ಟು ಕೂತು ಕಿರುಚುತ್ತಿದ್ದದ್ದು ರಸ್ತೆವರೆಗೂ ಕೇಳುತ್ತಿತ್ತು. ಆ ನೀರೇ ಆಮೇಲೆ ಡ್ರಿಪ್ಪಿನಲ್ಲಿ ಟೊಮೆಟೊಗೆ ಹೋಗುತ್ತಿತ್ತು. ಹಾಗಾಗಿ ನಿಮಗೆ ಬೈಯಲು ನನಗೆ ಮನಸ್ಸಾಗಲಿಲ್ಲ.

ಟೊಮೆಟೊ ಅಂದಾಗ ನೆನಪಾಯಿತು. ಬೀಜದ ಪ್ಯಾಕೆಟ್ ಮೇಲೆ "ಅರ್ಕಾ ರಕ್ಷಕ್" ಅಂತ ಓದಿ, ಅರ್ಕಾ ಅಂದರೆ ಯಾರು ಅಂತ ಕೇಳಿದ್ದೆ. ಯಾರೂ ಅಲ್ಲ ಪುಟ್ಟಿ, ನಮ್ಮ ನದಿ. ನಂದಿ ಬೆಟ್ಟದಲ್ಲಿ ಹುಟ್ಟಿ ನಮ್ಮ ಕೆರೆಗೆ ಬಂದು, ಮುಂದೆ ಹೋಗಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ. ಇಲ್ಲಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಾವು ಮಾಡಿದ ತಳಿಗಳಿಗೆಲ್ಲ ಅವಳ ಹೆಸರನ್ನೇ ಇಡುತ್ತಾರೆ. ಇನ್ನೊಂದು ಮಾತು ಕೇಳಿದರೆ ನಿನಗೆ ಖುಷಿಯಾಗುತ್ತದೆ. 1894ರಲ್ಲಿ ಈ ನದಿಗೆ ಇಲ್ಲಿ ಏರಿ ಕಟ್ಟಿ ಕೆರೆ ಮಾಡಿದ್ದು ಬೆಂಗಳೂರಿಗೆ ಕುಡಿಯುವ ನೀರು ಕೊಡಲಿಕ್ಕೆ. ಆ ನೀರನ್ನು ಸೋಲದೇವನಹಳ್ಳಿಯಿಂದ ಪಂಪು ಮಾಡಿ, ಮಲ್ಲೇಶ್ವರದಲ್ಲಿ ಸೋಸಿ ಊರಿಗೆ ಬಿಡುತ್ತಿದ್ದರು. ಮಲ್ಲೇಶ್ವರದಲ್ಲಿ! ನೀನು ಈಗ ಕೂತು ಇದನ್ನು ಓದುತ್ತಿರುವ ಜಾಗಕ್ಕೆ ಇಲ್ಲಿಂದಲೇ ನೀರು ಬರುತ್ತಿತ್ತು. ಭಾನುವಾರ ಸಂಜೆ ಏರಿ ಮೇಲೆ ನಡೆಯುವಾಗ ಇದನ್ನು ಹೇಳಬೇಕು ಅಂತಿದ್ದೆ. ನೀನು ಹುಲ್ಲುಗಾವಲಿನ ಕಡೆ ಓಡಿದೆ, ಮಾತು ಅಲ್ಲೇ ಉಳಿಯಿತು.

ರಾತ್ರಿಗಳು ತುಂಬ ಸದ್ದಿಲ್ಲದ ಹಾಗಿವೆ. ಅಜ್ಜಿ ಹುಣಸೆಬೀಜವನ್ನು ಒಂದು ಕಡೆ ಮಾತ್ರ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದರಲ್ಲ, ಚೌಕಾಬಾರಕ್ಕೆ? ಆ ನಾಲ್ಕು ಬೀಜ ಸೀಮೆಸುಣ್ಣದ ಮನೆ ಬರೆದ ಜಗಲಿ ಮೇಲೇ ಇವೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ನಿನ್ನೆ ಊಟ ಆದಮೇಲೆ ಅಜ್ಜಿ ಸುಮ್ನೆ ಒಂದು ಸಲ ಕೈಯಲ್ಲಿ ಕುಲುಕಿ ಹಾಕಿದರು. ಬಾರ ಬಿತ್ತು. "ಪುಟ್ಟಿ ಲೆಕ್ಕಕ್ಕೆ ಬರ್ಕೋ" ಅಂದರು. ಆದ್ದರಿಂದ ನಿನ್ನ ಹೆಸರಲ್ಲಿ ಎಂಟು ಇದೆ.

ಈಗ ಟಿಟ್ಟಿಭ ಹಕ್ಕಿಯ ವಿಷಯ.

ಇದನ್ನು ಮೊದಲಿಂದಲೇ ಬರೆಯುತ್ತೇನೆ, ಏಕೆಂದರೆ ನೀನು ದೊಡ್ಡವಳಾದ ಮೇಲೂ ಇದು ಬರೆದದ್ದಾಗಿ ಇರಬೇಕು ಅಂತ ನನಗೆ ಆಸೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಚೆನ್ನಾಗಿ ಬಂತು. ಭರಣಿ ಸುರಿದರೆ ಧರಣಿ ಬದುಕೀತು ಅಂತ ಅಜ್ಜಿ ನಾಲ್ಕು ಸಲ ಹೇಳಿದರು. ಹದ ನೋಡಿ ಮೇಲಿನ ಹೊಲ ಉಳುಮೆ ಮಾಡಿಸೋಣ ಅಂತ ಟಿಲ್ಲರ್ ಅಣ್ಣನಿಗೆ ಹೇಳಿದೆ. ಅವರು ಬರುವ ಹಿಂದಿನ ದಿನ, ಮೇ 7, ನೀನು ಓಡಿಬಂದು ನನ್ನ ಕೈ ಎಳೆದೆ. ಏದುಸಿರು ಬಿಡುತ್ತಿದ್ದೆ. "ಅಪ್ಪಾ, ಕಲ್ಲಲ್ಲ, ಮೊಟ್ಟೆ."

ನನಗೆ ಮೊದಲು ಕಾಣಲೇ ಇಲ್ಲ. ನೀನು ಬೆರಳು ತೋರಿಸಿದ ಮೇಲೂ ಕಾಣಲಿಲ್ಲ. ಗೂಡು ಅಂದರೆ ಗೂಡಲ್ಲ, ಬರೀ ನೆಲದಲ್ಲಿ ಅಂಗೈಯಷ್ಟು ತಗ್ಗು. ಸುತ್ತ ಸಣ್ಣ ಸಣ್ಣ ಕಲ್ಲು, ಒಣಗಿದ ಆಡಿನ ಹಿಕ್ಕೆ. ಅದರ ನಡುವೆ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಗೆ ಸೇರಿಸಿ ಜೋಡಿಸಿದ ಹಾಗೆ. ಮಣ್ಣಿನ ಬಣ್ಣ, ಮೇಲೆ ಮಸಿ ಚಿಮುಕಿಸಿದಂಥ ಕಪ್ಪು ಚುಕ್ಕೆ. ಅಷ್ಟರಲ್ಲಿ ಎರಡೂ ಹಕ್ಕಿ ಬಂದವು. ಏನು ಕೂಗು, ಏನು ಗಲಾಟೆ! ಒಂದು ನನ್ನ ತಲೆ ಮೇಲೇ ಎರಗಿತು, ನಾನು ಟವೆಲ್ ಸುತ್ತಿಕೊಂಡು ಹಿಂದೆ ಸರಿದೆ. ನೀನು ಮಾತ್ರ ಕುಕ್ಕರುಗಾಲಲ್ಲಿ ಕೂತು, "ನಾವು ಏನೂ ಮಾಡಲ್ಲ, ನಾವು ಏನೂ ಮಾಡಲ್ಲ" ಅಂತ ಅವಕ್ಕೆ ಹೇಳುತ್ತಿದ್ದೆ.

ಮರುದಿನ ಟಿಲ್ಲರ್ ಬರುವಷ್ಟರಲ್ಲಿ ನೀನು ನಾಲ್ಕು ಬೇವಿನ ಕಡ್ಡಿ ನೆಟ್ಟು, ಸ್ಕೂಲಿನ ಕೆಂಪು ಟೇಪು ಸುತ್ತಿ ಬೇಲಿ ಮಾಡಿದ್ದೆ. ಹಕ್ಕಿ ಮೊಟ್ಟೆಗೆ ಹೊಲ ಬಿಡ್ತಾರಾ ಅಂತ ಆ ಅಣ್ಣ ನಕ್ಕರು. ನಿಜ ಹೇಳಬೇಕು ಅಂದರೆ ಆಗ ನನಗೂ ಮುಜುಗರವಾಯಿತು. ಗಂಟೆ ಲೆಕ್ಕದ ಬಾಡಿಗೆ, ಇರುವುದೇ ಒಂದು ಎಕರೆ ಹನ್ನೆರಡು ಗುಂಟೆ. ನೀನು ಏನೂ ಮಾತಾಡಲಿಲ್ಲ. ಟೇಪಿನ ಪಕ್ಕ ಹೋಗಿ ನಿಂತೆ. ಅಣ್ಣ ಒಂದು ಸುತ್ತು ಹೊಡೆದು ಬಂದರು, ನಿನ್ನನ್ನು ನೋಡಿದರು, ಹ್ಯಾಂಡಲ್ ತಿರುಗಿಸಿ ಬಳಸಿಕೊಂಡು ಹೋದರು. ಮುಂದಿನ ಸುತ್ತೂ ಹಾಗೇ. ಕೊನೆಗೆ ಉತ್ತ ಹೊಲದ ನಡುವೆ ಹತ್ತಡಿ ಚೌಕ ಉಳಿಯಿತು. ಹೋಗುವಾಗ ಅವರೇ ನಿನ್ನ ತಲೆ ಸವರಿ, "ನಾಯಿ ಬರದ ಹಾಗೆ ನೋಡ್ಕೋ ಮಗಾ" ಅಂದರು.

ಆಮೇಲಿನ ಹತ್ತೊಂಬತ್ತು ದಿನ ನೀನು ಬೇವಿನ ನೆರಳಲ್ಲಿ ಕೂತು ನೋಡಿದ್ದನ್ನು ನಾನು ಮರೆಯುವುದಿಲ್ಲ. ನಾನು ಇಷ್ಟು ವರ್ಷ ಇದೇ ಹೊಲದಲ್ಲಿ ಓಡಾಡಿದ್ದೇನೆ. ಮಧ್ಯಾಹ್ನದ ಬಿಸಿಲಲ್ಲಿ ಟಿಟ್ಟಿಭ ಡ್ರಿಪ್ ಪೈಪು ಸೋರಿ ನಿಂತ ನೀರಲ್ಲಿ ಹೊಟ್ಟೆ ಅದ್ದಿ, ಹೊಟ್ಟೆಯ ಗರಿ ನೆನೆಸಿಕೊಂಡು, ಬಂದು ಮೊಟ್ಟೆ ಮೇಲೆ ಕೂರುವುದನ್ನು ಒಂದು ಸಲವೂ ನೋಡಿರಲಿಲ್ಲ. ನೀನು ತೋರಿಸಿದೆ. ಕೋಳಿ ಮೊಟ್ಟೆ ಬಿಸಿ ಮಾಡುತ್ತೆ, ಇದು ತಣ್ಣಗೆ ಮಾಡುತ್ತೆ ಅಂದೆ. ಅಲ್ವಾ? ಬೇಸಿಗೆಯಲ್ಲಿ ಬರೀ ನೆಲದ ಮೇಲಿರುವ ಮೊಟ್ಟೆ ಬೆಂದುಹೋಗದಿರಲು ಅದು ಮಾಡುವ ಉಪಾಯ ಅದು. ಮಾರನೇ ದಿನದಿಂದ ನೀನು ಅಜ್ಜಿಯ ಹಳೇ ಅಲ್ಯೂಮಿನಿಯಂ ತಟ್ಟೆಯಲ್ಲಿ ನೀರು ತುಂಬಿ ದೂರದಲ್ಲಿ ಇಟ್ಟೆ. ಎರಡು ದಿನ ಅದು ಬರಲಿಲ್ಲ. ಮೂರನೇ ದಿನ ಬಂತು. ಆವತ್ತು ನೀನು ಕೂಗಿಕೊಳ್ಳದೆ, ಬಾಯಿ ಮೇಲೆ ಎರಡೂ ಕೈ ಇಟ್ಟುಕೊಂಡು ಕುಣಿದೆ.

ಬಸ್ ಸ್ಟಾಪಿನಲ್ಲಿ ನೀನು ಅಳುತ್ತಿದ್ದೆ. ನಾಲ್ಕೂ ಮರಿ ಆಗುತ್ತೆ, ಪ್ರಾಮಿಸ್ ಅಂತ ನಾನು ಮಾತು ಕೊಟ್ಟೆ. ಕೊಡಬಾರದಿತ್ತು. ನನ್ನ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಟ್ಟೆ, ನಿನ್ನ ಅಳು ನೋಡಲಾಗದೆ.

ಜೂನ್ 4ರ ಬೆಳಿಗ್ಗೆ ನೋಡಿದರೆ ಎರಡು ಮೊಟ್ಟೆ ಬಿರುಕು ಬಿಟ್ಟಿದ್ದವು. ಸಂಜೆ ಹೊತ್ತಿಗೆ ಮೂರು ಮರಿ. ಕೋಳಿ ಮರಿಗಿಂತ ಕಾಲು ಉದ್ದ, ಬೆನ್ನು ಥೇಟು ಉತ್ತ ಮಣ್ಣು. ಮೈ ಒಣಗಿದ ಸ್ವಲ್ಪ ಹೊತ್ತಿಗೇ ನಡೆಯತೊಡಗಿದವು. ತಾಯಿ ಒಂದು ಕೂಗು ಹಾಕಿದರೆ ಮೂರೂ ನೆಲಕ್ಕೆ ಅಂಟಿ ಕೂರುತ್ತವೆ. ಎರಡು ಮಾರು ದೂರದಲ್ಲಿ ನಿಂತರೂ ನನಗೆ ಮಣ್ಣಿನ ಹೆಂಟೆ ಯಾವುದು, ಮರಿ ಯಾವುದು ಗೊತ್ತಾಗಲಿಲ್ಲ. ನಿನಗಾದರೆ ಗೊತ್ತಾಗುತ್ತಿತ್ತು.

ನಾಲ್ಕನೆಯದು ಒಡೆಯಲಿಲ್ಲ. ಮಾರನೇ ದಿನವೂ ಕಾದೆ. ಹಕ್ಕಿಗಳು ಮರಿ ಕರೆದುಕೊಂಡು ಟೊಮೆಟೊ ಸಾಲಿನ ಕಡೆ ಹೋಗಿಬಿಟ್ಟವು, ತಿರುಗಿ ಬರಲಿಲ್ಲ. ಮೊಟ್ಟೆ ಒಂದೇ ಉಳಿಯಿತು. ನೀನು ಬಂದಾಗ ತೋರಿಸೋಣ ಅಂತ ಮುಟ್ಟದೆ ಬಿಟ್ಟೆ. ನಿನ್ನೆ ಬೆಳಿಗ್ಗೆ ಹೋದರೆ ಅದೂ ಇಲ್ಲ. ಮುಂಗುಸಿಯೋ ಕಾಗೆಯೋ ಒಯ್ದಿರಬೇಕು. ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ. "ಮೊಟ್ಟೆ ಹೇಗಿದೆ" ಅಂತ ನೀನು ಕೇಳಿದಾಗಲೆಲ್ಲ ಚೆನ್ನಾಗಿದೆ ಅಂದೆ. ಮೂರು ದಿನ ಹಾಗೆ ಅಂದದ್ದು ತಪ್ಪು ಪುಟ್ಟಿ. ಇನ್ನು ಮೇಲೆ ಇಲ್ಲಿ ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಇವತ್ತು ಸಂಜೆ ಮೂರೂ ಮರಿಯನ್ನು ಮತ್ತೆ ನೋಡಿದೆ. ತೊಟ್ಟಿಯ ಆಚೆ, ನೀರು ಸೋರುವ ಕಡೆ ಹುಳ ಹೆಕ್ಕುತ್ತಿದ್ದವು. ತಾಯಿ ನನ್ನನ್ನು ನೋಡಿ ಕೂಗಿತು, ಆದರೆ ಮುಂಚಿನಷ್ಟು ಜೋರಾಗಿ ಅಲ್ಲ.

ನಿನ್ನ ಹತ್ತಡಿ ಇನ್ನೂ ಹಾಗೇ ಇದೆ. ಕಡ್ಡಿಯೂ ಇದೆ, ಟೇಪು ಬಿಸಿಲಿಗೆ ಬಣ್ಣ ಬಿಟ್ಟು ಗುಲಾಬಿ ಆಗಿದೆ. ಉಳಿದ ಹೊಲಕ್ಕೆ ಇನ್ನೊಂದು ಮಳೆ ನೋಡಿಕೊಂಡು ರಾಗಿ ಬಿತ್ತುತ್ತೇನೆ, ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಆ ಚೌಕವನ್ನು ಮಾತ್ರ ಟಿಲ್ಲರ್‌ನಲ್ಲಿ ಉಳುಮೆ ಮಾಡಿಸುವುದಿಲ್ಲ. ಶನಿವಾರ ಸ್ಕೂಲು ಮುಗಿಸಿ ಅಮ್ಮನ ಜೊತೆ ಬಾ. ನಾವಿಬ್ಬರೂ ಗುದ್ದಲಿಯಲ್ಲಿ ಅಗೆದು, ನೀನು ಹೇಳಿದ್ದನ್ನು ಹಾಕೋಣ. ಅಜ್ಜಿ ಅವರೆ ಅನ್ನುತ್ತಾರೆ. ನೀನು ಕಡಲೆಕಾಯಿ ಅಂತೀಯ ಅಂತ ನನಗೆ ಗೊತ್ತು. ಬೀಜ ಎರಡನ್ನೂ ತೆಗೆದಿಟ್ಟಿದ್ದೇನೆ.

ಬರುವಾಗ ಹಳೇ ಚಪ್ಪಲಿ ಹಾಕಿಕೊಂಡು ಬಾ, ಹೊಲ ಪೂರ್ತಿ ಕೆಸರು.

ನಿನ್ನ
ಅಪ್ಪ