ಇಸಬು ಅಂಟುವುದಿಲ್ಲ, ಕೈ ಹಿಡಿಯಬಹುದು

ಮಾನ್ಯರೇ,

ನನ್ನ ಮಗಳಿಗೆ ಏಳು ವರ್ಷ. ಆರು ತಿಂಗಳ ಕೂಸಾಗಿದ್ದಾಗ ಕೆನ್ನೆಯ ಮೇಲೆ ಕಾಣಿಸಿಕೊಂಡ ಇಸಬು ಈಗ ಮೊಣಕೈ, ಮೊಣಕಾಲಿನ ಸಂದುಗಳಲ್ಲಿ ಮನೆ ಮಾಡಿದೆ. ಡಾಕ್ಟರು ಇದಕ್ಕೆ ಎಕ್ಸಿಮಾ ಅನ್ನುತ್ತಾರೆ. ಕಳೆದ ವಾರ ಶಾಲೆಯಲ್ಲಿ ವಾರ್ಷಿಕೋತ್ಸವದ ಡಾನ್ಸ್ ಪ್ರಾಕ್ಟೀಸ್ ನಡೆಯುವಾಗ ಜೊತೆಯ ಹುಡುಗಿ ಇವಳ ಕೈ ಹಿಡಿಯಲು ಒಲ್ಲೆ ಎಂದಳಂತೆ. ಟೀಚರ್ ಇವಳನ್ನೇ ಹಿಂದಿನ ಸಾಲಿಗೆ ಕಳಿಸಿದರು. ಮನೆಗೆ ಬಂದವಳು ಮಧ್ಯಾಹ್ನದ ಬಿಸಿಲಲ್ಲೂ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಕೂತಳು. ಎಷ್ಟು ಹೇಳಿದರೂ ಬಿಚ್ಚಲಿಲ್ಲ.

ಮಾಗಿಯ ಚಳಿಗೆ ಚರ್ಮ ಒಣಗಿ ಬಿರಿಯುವ ಈ ದಿನಗಳಲ್ಲಿ ಹಗಲಿಗಿಂತ ರಾತ್ರಿಯೇ ಕಷ್ಟ. ದೀಪ ಆರಿಸಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪರಪರ ಕೆರೆಯುವ ಸದ್ದು ಶುರುವಾಗುತ್ತದೆ. ಕೈಗೆ ಕಾಲುಚೀಲ ತೊಡಿಸಿದರೆ ನಿದ್ದೆಗಣ್ಣಲ್ಲೇ ಹಲ್ಲಿನಿಂದ ಎಳೆದು ಬಿಸಾಡುತ್ತಾಳೆ. ನಾನೂ ಅವಳಪ್ಪನೂ ಸರದಿಯ ಮೇಲೆ ಅವಳ ಕೈ ಹಿಡಿದು ಕೂರುತ್ತೇವೆ. ಆದರೂ ಬೆಳಿಗ್ಗೆ ದಿಂಬಿನ ಕವರಿನ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು. ಕ್ಲಾಸಿನಲ್ಲಿ ತೂಕಡಿಸಿದರೆ ‘ಗಮನವಿಲ್ಲ’ ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಇವಳ ಅಣ್ಣ ಚಾಪೆ ಎತ್ತಿಕೊಂಡು ಹಾಲ್‌ಗೆ ಹೋಗಿ ಮಲಗುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಅವನಿಗೂ ಹತ್ತೇ ವರ್ಷ. ಅವನನ್ನು ಕೂರಿಸಿಕೊಂಡು ಮಾತಾಡಲು ನಮಗೆ ಪುರುಸೊತ್ತೇ ಆಗಿಲ್ಲ.

ನೆಂಟರಲ್ಲಿ ಕೆಲವರು ನಾಗದೋಷ ಎಂದರು, ಕೆಲವರು ನಂಜು ಎಂದರು. ಬದನೆಕಾಯಿ, ಕಡಲೆಕಾಯಿ, ಮೊಟ್ಟೆ ಎಲ್ಲ ಬಿಡಿಸಿದೆವು. ಮಗು ಸೊರಗಿತು, ತುರಿಕೆ ಇಳಿಯಲಿಲ್ಲ. ಕೆಲವು ಮಕ್ಕಳಿಗೆ ಆಹಾರದ ಅಲರ್ಜಿಯೂ ಇರುವುದು ನಿಜ, ಆದರೆ ಅದನ್ನು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಒಂದು ಮುಲಾಮು ನಾಲ್ಕೇ ದಿನದಲ್ಲಿ ವಾಸಿ ಮಾಡಿದಂತೆ ಕಂಡಿತು, ನಿಲ್ಲಿಸಿದ ವಾರದಲ್ಲಿ ಎರಡರಷ್ಟಾಗಿ ಮರಳಿತು. ಅದರಲ್ಲಿದ್ದದ್ದು ಬಲವಾದ ಸ್ಟೀರಾಯ್ಡ್. ಇಂಥವನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಚರ್ಮವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚುವ ಸೌಮ್ಯ ಸ್ಟೀರಾಯ್ಡ್‌ಗೆ ಹೆದರಬೇಕಿಲ್ಲ ಎಂಬುದೂ ನಮಗೆ ತಡವಾಗಿ ತಿಳಿಯಿತು. ಸ್ನಾನವಾದ ಕೂಡಲೇ, ಮೈ ಪೂರ್ತಿ ಒಣಗುವ ಮುಂಚೆ ತೇವದ ಕ್ರೀಮ್ ಹಚ್ಚಬೇಕು ಎನ್ನುವುದೂ ಅಷ್ಟೇ.

ಈಗ ನೋಡುತ್ತಿರುವ ವೈದ್ಯರು ಮೊದಲ ದಿನವೇ ಅವಳ ಕೈಗೆ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು. 4ರಿಂದ 16 ವರ್ಷದ ಮಕ್ಕಳಿಗಾಗಿ ಬ್ರಿಟನ್ನಿನ ಚರ್ಮವೈದ್ಯರು 1995ರಲ್ಲಿ ರೂಪಿಸಿದ್ದಂತೆ. ನಿದ್ದೆ, ಗೆಳೆತನ, ಬಟ್ಟೆ, ಆಟ, ಶಾಲೆ ಎಲ್ಲವೂ ಅದರಲ್ಲಿದೆ. ಯಾರಾದರೂ ಹಂಗಿಸುತ್ತಾರಾ ಎಂಬ ಪ್ರಶ್ನೆಗೆ ಉತ್ತರಿಸುವ ಮುಂಚೆ ಅವಳು ನನ್ನ ಮುಖ ನೋಡಿದಳು. ನನಗೆ ಆ ದಿನದವರೆಗೆ ಗೊತ್ತೇ ಇರಲಿಲ್ಲ. ಎಲ್ಲ ವೈದ್ಯರೂ ‘ರಾತ್ರಿ ನಿದ್ದೆ ಹೇಗೆ’ ಎಂದಾದರೂ ಕೇಳಲಿ.

ಶಾಲೆಗಳಿಗೆ ನನ್ನ ಕೋರಿಕೆ ದೊಡ್ಡದಲ್ಲ. ಇದು ಕಜ್ಜಿಯಲ್ಲ. ಕಜ್ಜಿ ಹುಳದಿಂದ ಬರುತ್ತದೆ, ಅಂಟುತ್ತದೆ. ಇಸಬು ಮುಟ್ಟಿದರೆ ಹರಡುವುದಿಲ್ಲ. ಇಂಥ ಮಕ್ಕಳಿಗೆ ಪಾಲಿಯೆಸ್ಟರ್ ಬದಲು ಅದೇ ಬಣ್ಣದ ಹತ್ತಿಯ ಸಮವಸ್ತ್ರ ಹಾಕಲು ಬಿಡಿ, ಚೀಲದಲ್ಲಿ ಕ್ರೀಮ್ ಇಟ್ಟುಕೊಳ್ಳಲು ಬಿಡಿ.

ಕೈ ಹಿಡಿಯದ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಯಾರೋ ಹೆದರಿಸಿರಬೇಕು. ಈ ಪತ್ರ ಅವಳ ಅಮ್ಮನ ಕಣ್ಣಿಗೆ ಬಿದ್ದರೆ, ಹಿಡಿದರೆ ಏನೂ ಆಗುವುದಿಲ್ಲ ಎಂದು ದಯವಿಟ್ಟು ಮಗಳಿಗೆ ಹೇಳಿ. ವಾರ್ಷಿಕೋತ್ಸವಕ್ಕೆ ಇನ್ನೂ ಮೂರು ವಾರವಿದೆ.

– ಒಬ್ಬ ತಾಯಿ, ತುಮಕೂರು