ಮೊದಲ ವರ್ಷ ದಾಟಿಸಿದವರಿಗೆ ಥ್ಯಾಂಕ್ಸ್

ಎರಡನೇ ಸೆಮಿಸ್ಟರ್ ಫಲಿತಾಂಶ ಬಂತು. ಎಲ್ಲ ವಿಷಯದಲ್ಲೂ ಪಾಸ್. ರ‍್ಯಾಂಕ್ ಗೀಂಕ್ ಏನೂ ಇಲ್ಲ, ಹಾಗಾಗಿ ಬೇರೆಯವರಿಗೆ ಇದು ಸುದ್ದಿಯೇ ಅಲ್ಲ. ಆದರೆ ಮೊದಲ ಸೆಮಿಸ್ಟರ್ ಅರ್ಧ ಮುಗಿಯುವ ಹೊತ್ತಿಗೆ ನಾನು ಓದು ಬಿಟ್ಟು ಮನೆಗೆ ಹೋಗುವ ಲೆಕ್ಕದಲ್ಲಿದ್ದೆ. ಅದು ಗೊತ್ತಿದ್ದವರು ಕೆಲವೇ ಜನ. ಈ ಬರಹ ಅವರಿಗೆ. ಗೊತ್ತಿಲ್ಲದೆಯೇ ಸಹಾಯ ಮಾಡಿದವರಿಗೂ.

ಮೊದಲು ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಕೈ ಎತ್ತಿದ ಗೆಳೆಯನಿಗೆ. ನಾನು ಓದುತ್ತಿರುವುದು ಸೈಕಾಲಜಿ. ಅದರಲ್ಲಿ ಇಷ್ಟೊಂದು ಲೆಕ್ಕ ಇರುತ್ತದೆ ಅಂತ ಸೇರುವಾಗ ಯಾರೂ ಹೇಳಿರಲಿಲ್ಲ. ಹಾಲ್ ತುಂಬ ಜನ, ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅರ್ಥವಾಗದೆ ಕೂತಿರುವುದು ನಾನೊಬ್ಬಳೇ ಅಂತ ನನಗೆ ಖಾತ್ರಿಯಾಗಿತ್ತು. ಒಂದು ದಿನ ಇವನು ಎದ್ದು ನಿಂತು, "ಸರ್, ಎನ್‌ನಿಂದ ಭಾಗಿಸೋದು ಬಿಟ್ಟು ಎನ್ ಮೈನಸ್ ಒಂದರಿಂದ ಯಾಕೆ ಭಾಗಿಸ್ತಿದೀವಿ? ಕಳೆದ ವಾರದಿಂದ ನನಗೆ ಏನೂ ಗೊತ್ತಾಗ್ತಿಲ್ಲ" ಅಂದ. ಬರೆಯುತ್ತಿದ್ದ ಪೆನ್ನುಗಳೆಲ್ಲ ನಿಂತವು. ಹಿಂದಿನ ಸಾಲಿನಿಂದ ಯಾರೋ "ಹೌದು ಸರ್" ಅಂದರು. ಆಮೇಲೆ ಇನ್ನಾರೋ.

ಸರ್ ಬೋರ್ಡ್ ಒರೆಸಿ ಮೊದಲಿನಿಂದ ಶುರು ಮಾಡಿದರು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಲೆಕ್ಕ ಅದು. ಎನ್ ಅಂದರೆ ಸ್ಯಾಂಪಲ್‌ನಲ್ಲಿ, ಅಂದರೆ ಅಳೆಯಲು ಆಯ್ದುಕೊಂಡ ಗುಂಪಿನಲ್ಲಿ, ಎಷ್ಟು ಅಂಕಿಗಳಿವೆ ಅನ್ನುವುದು. ಸರಾಸರಿಯನ್ನು ಅದೇ ಸ್ಯಾಂಪಲ್‌ನಿಂದ ತೆಗೆದಿರುತ್ತೇವಲ್ವಾ, ಅದಕ್ಕೇ ಅಂಕಿಗಳು ಅದರ ಸುತ್ತ ನಿಜಕ್ಕಿಂತ ಹತ್ತಿರ ಇದ್ದಂತೆ ಕಾಣುತ್ತವೆ. ಆ ಕೊರತೆ ತುಂಬಲು ಒಂದು ಕಳೆದು ಭಾಗಿಸುತ್ತೇವೆ. ಇಷ್ಟೇ ವಿಷಯ. ಅವನು ಕೇಳದಿದ್ದರೆ ನಾನು ಅದನ್ನು ಬಾಯಿಪಾಠ ಮಾಡಿಕೊಂಡು, ಹೆದರಿಕೊಂಡೇ ಪರೀಕ್ಷೆಗೆ ಹೋಗುತ್ತಿದ್ದೆ.

ಆಮೇಲೆ ನಮ್ಮದೇ ಪಾಠದಲ್ಲಿ, ಹೀಗೆ ಅರ್ಥವಾಗದೆಯೂ ಎಲ್ಲರೂ ಸುಮ್ಮನೆ ಕೂರುವುದರ ಬಗ್ಗೆ ಓದಿ ನಗು ಬಂತು. 1987ರಲ್ಲಿ ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮ್ಯಾಕ್‌ಫಾರ್ಲೆಂಡ್ ಅನ್ನುವ ಸೈಕಾಲಜಿಸ್ಟ್‌ಗಳು ವಿದ್ಯಾರ್ಥಿಗಳಿಗೆ ಒಂದು ಲೇಖನ ಓದಲು ಕೊಟ್ಟಿದ್ದರು. ಬೇಕಂತಲೇ ಅರ್ಥವಾಗದ ಹಾಗೆ ಬರೆದದ್ದು. ಎದ್ದು ಬಂದು ಕೇಳಬಹುದು ಅಂತಲೂ ಹೇಳಿದ್ದರು. ಕೇಳಲು ಎಲ್ಲರಿಗೂ ಮುಜುಗರ. ತಮಾಷೆ ಏನೆಂದರೆ, ತಾನು ಸುಮ್ಮನಿರುವುದು ನಾಚಿಕೆಯಿಂದ, ಬೇರೆಯವರು ಸುಮ್ಮನಿರುವುದು ಅರ್ಥವಾಗಿದ್ದರಿಂದ ಅಂತ ಅವರು ಅಂದುಕೊಂಡಿದ್ದರು. ನಮ್ಮ ಹಾಲ್‌ನಲ್ಲೇ ಕೂತು ಮಾಡಿದ ಪ್ರಯೋಗ ಅನ್ನಿಸಿತು.

ಆ ದಿನ "ಹೌದು ಸರ್" ಅಂದವರೆಲ್ಲ ಸೇರಿ ಆಮೇಲೆ ನಮ್ಮದೊಂದು ಗುಂಪಾಯಿತು. ಪುಸ್ತಕ ಮುಚ್ಚಿಟ್ಟು ಒಬ್ಬರಿಗೊಬ್ಬರು ಪಾಠ ಹೇಳುವುದು ನಮ್ಮ ಪದ್ಧತಿ. ಇದಕ್ಕೂ ಆಧಾರ ಇದೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವವರು 2006ರಲ್ಲಿ ತೋರಿಸಿದ್ದು: ಓದಿದ್ದನ್ನೇ ಮತ್ತೆ ಓದಿದವರಿಗೆ 5 ನಿಮಿಷದ ನಂತರ ಜಾಸ್ತಿ ನೆನಪಿರುತ್ತದೆ. ಆದರೆ ಒಂದು ವಾರ ಬಿಟ್ಟು ನೋಡಿದರೆ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ. ಗುಂಪಿನವರೇ, ನೀವು ನನ್ನನ್ನು ಅರ್ಧ ವಾಕ್ಯಕ್ಕೇ ನಿಲ್ಲಿಸಿ "ಅದು ಹೇಗೆ?" ಅಂತ ಕೇಳುತ್ತಿದ್ದಿರಿ. ಆಗ ಸಿಟ್ಟು ಬರುತ್ತಿತ್ತು. ಈಗ ಥ್ಯಾಂಕ್ಸ್.

ಹಾಸ್ಟೆಲ್‌ನ ಸೀನಿಯರ್ ಅಕ್ಕನಿಗೆ ಏನು ಹೇಳಲಿ? ಅಳುತ್ತಾ ಕೂತವಳ ಮುಂದೆ ನೀವು ನಿಮ್ಮ ಮೊದಲ ವರ್ಷದ ಅಂಕಪಟ್ಟಿ ತಂದಿಟ್ಟಿರಿ. ಒಂದು ವಿಷಯದಲ್ಲಿ ಫೇಲ್. "ನನಗೂ ಇದು ನನ್ನ ಜಾಗ ಅಲ್ಲ ಅನ್ನಿಸ್ತಿತ್ತು ಕಣೇ. ಯಾವಾಗ ಹೋಯ್ತು ಅಂತಾನೂ ಗೊತ್ತಾಗ್ಲಿಲ್ಲ" ಅಂದಿರಿ. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ. 2011ರಲ್ಲಿ ಅಮೆರಿಕದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಪ್ರಕಟಿಸಿದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದರು. ಶುರುವಿನ ಕಷ್ಟ ಎಲ್ಲರಿಗೂ ಇತ್ತು, ಆಮೇಲೆ ಕಡಿಮೆಯಾಯಿತು ಅನ್ನುವ ಸೀನಿಯರ್‌ಗಳ ಮಾತನ್ನು ಮೊದಲ ವರ್ಷದವರಿಗೆ ಓದಲು ಕೊಟ್ಟರು. ಒಂದು ಗಂಟೆಯ ಕೆಲಸ. ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಸುಧಾರಿಸಿದವು. ಬಿಳಿಯರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಈ ಜಾಗ ತಮ್ಮದೋ ಅಲ್ಲವೋ ಅನ್ನುವ ಅನುಮಾನ ಯಾರಿಗೆ ಜಾಸ್ತಿ ಇತ್ತೋ ಅವರಿಗೇ ಆ ಮಾತು ಬೇಕಿತ್ತು. ನನಗೂ ಬೇಕಿತ್ತು ಅಕ್ಕಾ.

"ಪಾಸಿಟಿವ್ ಆಗಿರು, ಎಲ್ಲ ಸರಿಹೋಗುತ್ತೆ" ಅಂದವರಿಗೂ ಥ್ಯಾಂಕ್ಸ್ ಹೇಳಬೇಕು. ನಿಜ ಹೇಳಬೇಕೆಂದರೆ ಅದು ಕೆಲಸಕ್ಕೆ ಬರಲಿಲ್ಲ. ಆದರೂ ಫೋನ್ ಮಾಡಿದ್ದಿರಲ್ಲ, ಅದು ದೊಡ್ಡದು.

ರೂಮ್‌ಮೇಟ್, ನೀನು ಮಾತಾಡುವುದೇ ಕಡಿಮೆ. ಊಟಕ್ಕೆ ಹೊರಟಾಗ ಮಾತ್ರ ಬಾಗಿಲಲ್ಲಿ ನಿಂತು "ಬರ್ತೀಯಾ?" ಅನ್ನುತ್ತಿದ್ದೆ. ನಾನು ಬೇಡ ಅಂದರೂ ಮಾರನೇ ದಿನ ಮತ್ತೆ ಕೇಳುತ್ತಿದ್ದೆ. ಬೇಜಾರೇ ಮಾಡಿಕೊಳ್ಳಲಿಲ್ಲ ನೀನು.

ನಮ್ಮ ಮೇಡಂಗೆ. ಅವರನ್ನು ನೋಡಲು ಹೋಗುವಾಗ ಪೂರ್ತಿ ಓದಿಕೊಂಡು ಹೋಗಬೇಕು ಅಂದುಕೊಂಡು ನಾನು ಹೋಗುವುದನ್ನೇ ಮುಂದೂಡುತ್ತಿದ್ದೆ. ಅವರು ಹೇಳಿದ್ದು ಬೇರೆ: "ಗೊತ್ತಿರೋದನ್ನ ತರಬೇಡಮ್ಮ. ಎಲ್ಲಿ ಸಿಕ್ಕಿಕೊಂಡಿದ್ದೀಯೋ ಆ ಪುಟ ತಗೊಂಡು ಬಾ." ಹಾಗೇ ಹೋದೆ. ಆಮೇಲೂ ಹೋಗುತ್ತಲೇ ಇದ್ದೆ.

ಅಪ್ಪ, ಅಮ್ಮ. ಬಿಟ್ಟು ಬರುತ್ತೇನೆ ಅಂದಾಗ ಅಪ್ಪ ಜಗಳ ಮಾಡಲಿಲ್ಲ. "ಬಾ, ಆದ್ರೆ ಪರೀಕ್ಷೆ ಬರೆದು ಬಾ" ಅಂದರು. ವಾಪಸ್ ಹೋಗಬಹುದು ಅಂತ ಗೊತ್ತಾದ ಮೇಲೆ ಇಲ್ಲಿರುವುದು ಸುಲಭವಾಯಿತು. ಪರೀಕ್ಷೆ ಮುಗಿದ ಮೇಲೆ ಆ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅಮ್ಮ ಫೋನಿನಲ್ಲಿ ಅಂಕದ ಬಗ್ಗೆ ಕೇಳದೆ ಮನೆಯ ಸುದ್ದಿಯನ್ನೇ ಹೇಳುತ್ತಿದ್ದರು. ಬೇಕಂತಲೇ ಹಾಗೆ ಮಾಡುತ್ತಿದ್ದರು ಅಂತ ಮೊನ್ನೆ ತಂಗಿ ಬಾಯಿಬಿಟ್ಟಳು.

ಸ್ಟ್ಯಾಟಿಸ್ಟಿಕ್ಸ್ ಗುಂಪಿನವರೇ, ಮೂರನೇ ಸೆಮಿಸ್ಟರ್ ಸಿಲಬಸ್ ಬಂದಿದೆ, ನೋಡಿದಿರಾ? ಯಾರು ಯಾವ ಪಾಠ ಹೇಳಬೇಕು ಅಂತ ಈ ವಾರವೇ ಹಂಚಿಕೊಳ್ಳೋಣ. ರಿಗ್ರೆಷನ್ ನನಗೆ ಬೇಡ.