ಬೆರಳಿಗೂ ಭ್ರಮೆಯಿದೆ

ಮಾನ್ಯ ಸಂಪಾದಕರೇ,

ದೃಷ್ಟಿಯಿಲ್ಲದ ಮಕ್ಕಳಿಗೆ 22 ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಕಳೆದ ತಿಂಗಳು ಮೈಸೂರಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನ ಐವರು ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಭ್ರಮೆಗಳ ಕೋಣೆಯ ಮುಂದೆ ದೊಡ್ಡ ಸಾಲು. ಒಳಗಿದ್ದುದು ಗೋಡೆ ತುಂಬ ಚಿತ್ರಪಟ ಮಾತ್ರ. ಉಳಿದವರ ಉದ್ಗಾರ ಕೇಳುತ್ತಾ ನನ್ನ ಮಕ್ಕಳು ಸುಮ್ಮನೆ ನಿಂತರು. ಸ್ವಯಂಸೇವಕನೊಬ್ಬ, "ಮೋಸ ಹೋಗುವುದು ಕಣ್ಣು. ನಿಮ್ಮ ಬೆರಳು ಸುಳ್ಳು ಹೇಳುವುದಿಲ್ಲ" ಎಂದು ಸಮಾಧಾನ ಹೇಳಿದ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೆ ನಿಜವಲ್ಲ.

ಮರುದಿನ ದೇವರಾಜ ಮಾರುಕಟ್ಟೆಯ ಬಳಿ ದಪ್ಪ ಹುರಿ ಕೊಂಡು ರಟ್ಟಿನ ಮೇಲೆ ಎರಡು ಗೆರೆ ಅಂಟಿಸಿದೆ. ಎರಡೂ 15 ಸೆಂ.ಮೀ. ಒಂದರ ತುದಿಗಳಲ್ಲಿ ಬಾಣದ ಮೊನೆಯಂತೆ ಹಿಂದಕ್ಕೆ ಬಾಗಿದ ಕವಲುಗಳು, ಇನ್ನೊಂದರಲ್ಲಿ ಹೊರಕ್ಕೆ ಚಾಚಿದ ಕವಲುಗಳು. ಜರ್ಮನ್ ಮನೋವಿಜ್ಞಾನಿ ಮುಲ್ಲರ್-ಲೈಯರ್ 1889ರಲ್ಲಿ ಪ್ರಕಟಿಸಿದ ಪ್ರಸಿದ್ಧ ಭ್ರಮಾಚಿತ್ರವಿದು. ಹುಟ್ಟಿನಿಂದ ಬೆಳಕನ್ನೇ ಕಾಣದ ಏಳನೇ ತರಗತಿಯ ಹುಡುಗಿ ತೋರುಬೆರಳು ಹಾಯಿಸಿ, "ಕವಲು ಹೊರಗಿರುವುದೇ ಉದ್ದ" ಎಂದಳು. ಉಬ್ಬುಗುರುತಿನ ಅಳತೆಪಟ್ಟಿ ಕೊಟ್ಟೆ. ಅಳೆದಳು. ಸಮ. ಮತ್ತೆ ಬೆರಳು ಹಾಯಿಸಿದಳು. "ಸಮ ಎಂದು ಗೊತ್ತು ಮಿಸ್, ಆದರೂ ಇದೇ ಉದ್ದ." ಚಿತ್ರ ನೋಡಿದವರು ಹೇಳುವುದೂ ಅಕ್ಷರಶಃ ಇದನ್ನೇ!

ಕೋಣೆಯ ಮೂಲೆ, ಕಟ್ಟಡಗಳ ಅಂಚು ನೋಡಿ ಪಳಗಿದ ಕಣ್ಣು ದೂರವನ್ನು ಊಹಿಸಿಕೊಳ್ಳುವುದರಿಂದ ಈ ಭ್ರಮೆ ಹುಟ್ಟುತ್ತದೆ ಎಂಬ ವಿವರಣೆಯೊಂದಿದೆ. ಹುಟ್ಟು ಅಂಧರ ಮೇಲಿನ ಪ್ರಯೋಗಗಳಲ್ಲೂ ಇದೇ ಭ್ರಮೆ ಕಂಡುಬಂದಿರುವುದರಿಂದ ಆ ವಿವರಣೆಯೊಂದೇ ಸಾಲದು.

ಹಾಗೆಂದು ಕಣ್ಣು, ಬೆರಳು ಒಂದೇ ದಾರಿಯಲ್ಲಿ ತಪ್ಪುವುದಿಲ್ಲ. ಕಣ್ಣು ಗೆರೆಯನ್ನು ಒಮ್ಮೆಗೇ ಹಿಡಿಯುತ್ತದೆ. ಬೆರಳು ಇಷ್ಟಿಷ್ಟೇ ಸಾಗಿ, ಸಾಗಿದ್ದನ್ನು ನೆನಪಿನಲ್ಲಿ ಕೂಡಿಸಿಕೊಳ್ಳಬೇಕು. ತೋಳು ಎದೆಯಿಂದ ಮುಂದಕ್ಕೆ ಚಲಿಸಿದ ದೂರ, ಅಡ್ಡಕ್ಕೆ ಚಲಿಸಿದ ಅಷ್ಟೇ ದೂರಕ್ಕಿಂತ ಹೆಚ್ಚೆನಿಸುತ್ತದೆ. ದೊಡ್ಡ ಉಬ್ಬುಚೌಕವನ್ನು ಮುಟ್ಟಿ 'ಆಯತ' ಎಂದ ಎಷ್ಟೋ ಮಕ್ಕಳನ್ನು ಗಮನವಿಲ್ಲವೆಂದು ನಾನು ಗದರಿಸಿದ್ದೇನೆ. ಈಗ ಅದು ಮನಸ್ಸನ್ನು ಚುಚ್ಚುತ್ತದೆ.

ಕೈಗೇ ಮೀಸಲಾದ ಭ್ರಮೆಗಳೂ ಇವೆ. ತೋರುಬೆರಳು, ನಡುಬೆರಳುಗಳನ್ನು ಹೆಣೆದು ನಡುವೆ ಒಂದು ಬಟಾಣಿ ಉರುಳಿಸಿದರೆ ಎರಡೆನಿಸುತ್ತದೆ. ಅರಿಸ್ಟಾಟಲನ ಕಾಲದಿಂದಲೂ ತಿಳಿದದ್ದು. ತಣ್ಣಗಿನ ನಾಣ್ಯ ಬೆಚ್ಚಗಿನ ನಾಣ್ಯಕ್ಕಿಂತ ಭಾರವೆನಿಸುವುದನ್ನು ಜರ್ಮನ್ ವಿಜ್ಞಾನಿ ವೇಬರ್ 19ನೇ ಶತಮಾನದಲ್ಲೇ ಗುರುತಿಸಿದ್ದರು. ಮೈಸೂರು ಪಾಕಿನ ದೊಡ್ಡ ಡಬ್ಬಿ, ಸುಣ್ಣದ ಸಣ್ಣ ಡಬ್ಬಿ ಎರಡಕ್ಕೂ ಮರಳು ತುಂಬಿ, ತಕ್ಕಡಿಯಲ್ಲಿ ಸರಿದೂಗಿಸಿ ಮಕ್ಕಳ ಕೈಗಿತ್ತೆ. ಐವರಿಗೂ ಸಣ್ಣದೇ ಭಾರ. ನನಗೂ ಹಾಗೆಯೇ, ತೂಗಿದವಳು ನಾನೇ ಆಗಿದ್ದರೂ.

ಕನ್ನಡದಲ್ಲಿ ನಾವು ಮುಟ್ಟಿ ನೋಡುತ್ತೇವೆ, ಎತ್ತಿ ನೋಡುತ್ತೇವೆ, ಮೂಸಿ ನೋಡುತ್ತೇವೆ. ಇಷ್ಟು ಬಗೆಯ ನೋಟಗಳಿರುವಾಗ ವಿಜ್ಞಾನ ಪ್ರದರ್ಶನ ಕಣ್ಣಿಗೆ ಮಾತ್ರ ಏಕೆ? ಜಿಲ್ಲೆಯಲ್ಲಿ ಇಂಥ ಪ್ರದರ್ಶನ ಏರ್ಪಡಿಸುವವರು ಒಂದೇ ಒಂದು ಮೇಜು ಬಿಟ್ಟುಕೊಡಲಿ. ಸಾಮಗ್ರಿಗೆ ನನಗಾದ ಖರ್ಚು 60 ರೂಪಾಯಿ. ವಿವರಿಸಲು ನನ್ನ ಐವರೂ ಸಿದ್ಧರಿದ್ದಾರೆ. ಬಂದವರ ಕಣ್ಣಿಗೆ ಬಟ್ಟೆ ಕಟ್ಟುವವರು ಯಾರು, ಬಟಾಣಿ ಉರುಳಿಸುವವರು ಯಾರು ಎಂದು ಆಗಲೇ ಹಂಚಿಕೊಂಡಿದ್ದಾರೆ.

– ಗಣಿತ ಶಿಕ್ಷಕಿ, ಕುವೆಂಪುನಗರ, ಮೈಸೂರು